ಫಿಟ್ಸ್ ನಿಲ್ಲದಿದ್ದರೆ: ಮೂಗಿನ ಸ್ಪ್ರೇನಾ, ಗುದದ್ವಾರದ ಔಷಧಿನಾ?

ಫಿಟ್ಸ್ 5 ನಿಮಿಷ ದಾಟಿದರೆ ತಾನಾಗಿ ನಿಲ್ಲುತ್ತದೆ ಎಂದು ಕಾಯಬಾರದು. 108ಕ್ಕೆ ಫೋನ್ ಮಾಡಿ, ಡಾಕ್ಟರ್ ಬರೆದುಕೊಟ್ಟ ಔಷಧಿ ಕೊಡಬೇಕು. ಮನೆಯಲ್ಲಿಡಲು ಹೆಚ್ಚಾಗಿ ಬರೆಯುವುದು ಎರಡು: ಮೂಗಿಗೆ ಮಿಡಜೋಲಂ ಸ್ಪ್ರೇ, ಗುದದ್ವಾರಕ್ಕೆ ಡಯಜೆಪಾಮ್.

ಡಯಜೆಪಾಮ್ ಹಳೆಯದು, ಕೆಲಸವನ್ನೂ ಮಾಡುತ್ತದೆ. ನೆಗಡಿಯಾಗಿ ಮೂಗು ಕಟ್ಟಿದ್ದರೂ ತೊಂದರೆಯಿಲ್ಲ. ಆದರೆ ಬಸ್ಸಿನಲ್ಲೋ ಮದುವೆ ಮನೆಯಲ್ಲೋ ದೊಡ್ಡ ಮಗಳಿಗೆ ಬಟ್ಟೆ ಸರಿಸಿ ಕೊಡುವುದು ಕಷ್ಟ, ಅಲ್ವಾ?

ಹಾಗಾಗಿ ನನ್ನ ಓಟು ಸ್ಪ್ರೇಗೆ. ಒಂದು ಒತ್ತಿಗೆ ಬರುವ ಔಷಧಿ ಮಾತ್ರ ಬಾಟಲಿಯಿಂದ ಬಾಟಲಿಗೆ ಬೇರೆ: 0.5 ಮಿ.ಗ್ರಾಂ ಇದೆ, 1.25 ಕೂಡ ಇದೆ. 10 ಕೆ.ಜಿ. ಮಗುವಿಗೆ ಡಾಕ್ಟರ್ 2 ಮಿ.ಗ್ರಾಂ ಬರೆದಿದ್ದರೆ 0.5ರ ಬಾಟಲಿಯಲ್ಲಿ ನಾಲ್ಕು ಒತ್ತು, ಒಂದೊಂದು ಹೊಳ್ಳೆಗೆ ಎರಡೆರಡು. ಹೊಸ ಬಾಟಲಿಯನ್ನು ಮೊದಲು ತುಂತುರು ಬರುವ ತನಕ ಗಾಳಿಗೆ ಒತ್ತಿ. ಅಂಗಡಿಯವರು ಬೇರೆ ಕಂಪನಿಯದು ಕೊಟ್ಟರೆ ಲೆಕ್ಕ ಮತ್ತೆ ಕೇಳಿ.

ಎರಡರಿಂದಲೂ ಉಸಿರು ನಿಧಾನವಾಗಬಹುದು. ಪಕ್ಕಕ್ಕೆ ಮಲಗಿಸಿ ಗಮನಿಸುತ್ತಿರಿ. ಕೈಗೆ ಕಬ್ಬಿಣ, ಬಾಯಿಗೆ ಚಮಚ ಎರಡೂ ಬೇಡ. ಆಗಲೂ ನಿಲ್ಲದಿದ್ದರೆ ಸುಮ್ನೆ ಇನ್ನಷ್ಟು ಒತ್ತಬೇಡಿ. ಆಸ್ಪತ್ರೆಯಲ್ಲಿ ರಕ್ತದ ಸಕ್ಕರೆ ನೋಡಿ, ಫಿಟ್ಸ್ ನಿಲ್ಲಿಸಲು ನರಕ್ಕೆ ಲೊರಾಜೆಪಾಮ್ ಔಷಧಿ, ಬೇಕಾದರೆ ಲೆವೆಟಿರಾಸೆಟಂ ಎಂಬ ಇನ್ನೊಂದನ್ನೂ ಕೊಡುತ್ತಾರೆ. ಮನೆಯಲ್ಲಿ ಎಷ್ಟು ಗಂಟೆಗೆ, ಎಷ್ಟು ಕೊಟ್ಟಿರಿ ಎಂಬುದನ್ನು ಅವರಿಗೆ ಹೇಳಿ.