ಆಂಬುಲೆನ್ಸ್ ಫೈರ್ ಸ್ಟೇಷನ್‌ನಲ್ಲೇ ಇರಲಾ, ಬೇರೆ ಕಟ್ಟಡ ಬೇಕಾ?

ಇಂಗ್ಲೆಂಡಿನಲ್ಲಿ ಅಗ್ನಿಶಾಮಕ, ಆಂಬುಲೆನ್ಸ್, ಪೊಲೀಸ್ ಕೈಜೋಡಿಸುವ ದಾರಿ ಇದೆಯಾ ಅಂತ ನೋಡಲೇಬೇಕು ಎಂದು 2017ರಲ್ಲಿ ಕಾನೂನು ಬಂತು. ಸಣ್ಣ ಊರಿಗೆ ಒಂದೇ ಸೂರು ಸುಲಭ. ಅಲ್ಲಿನ ಎಷ್ಟೋ ಫೈರ್ ಸ್ಟೇಷನ್‌ಗಳಲ್ಲಿ ಪೂರ್ತಿ ಹೊತ್ತು ಯಾರೂ ಇರುವುದಿಲ್ಲ. ಬೇರೆ ಕೆಲಸದಲ್ಲಿರುವವರು ಪೇಜರ್ ಕೂಗಿದ ಕೂಡಲೇ ಓಡಿ ಬರುತ್ತಾರೆ, ಉಳಿದ ಹೊತ್ತು ಅಡುಗೆಮನೆ, ಟಾಯ್ಲೆಟ್ ಎಲ್ಲ ಸುಮ್ನೆ ಖಾಲಿ. ಆಂಬುಲೆನ್ಸ್‌ನವರು ರಸ್ತೆ ಬದಿ ಗಾಡಿಯಲ್ಲೇ ಕಾಯುವುದಕ್ಕಿಂತ ಇದು ವಾಸಿ ಅಲ್ವಾ?

ತಕರಾರು ಶುರುವಾಗುವುದು ಪಾರ್ಕಿಂಗ್‌ನಲ್ಲಿ. ಪೇಜರ್ ಕೂಗಿದಾಗ ಐದಾರು ಕಾರು ಒಮ್ಮೆಲೇ ನುಗ್ಗುತ್ತವೆ, ಆಗ ಬಾಗಿಲೆದುರು ಆಂಬುಲೆನ್ಸ್ ನಿಂತಿದ್ದರೆ ಕೆಟ್ಟಿತು. ಮಸಿ ಮೆತ್ತಿದ ಉಡುಪು ಬ್ಯಾಂಡೇಜ್ ಹತ್ತಿರ ಸುಳಿಯಬಾರದು, ಔಷಧಿಗೆ ಬೀಗದ ಕಪಾಟು ಬೇಕು.

ಸ್ವಂತ ಕಟ್ಟಡದಲ್ಲಿ ಈ ತಲೆನೋವಿಲ್ಲ, ಖರ್ಚು ಮಾತ್ರ ಜಾಸ್ತಿ. ಹತ್ತಾರು ಗಾಡಿ ಓಡುವ ದೊಡ್ಡ ಊರಾದರೆ ಬೇರೆಯೇ ಕಟ್ಟಿ. ಒಂದೆರಡೇ ಗಾಡಿ ಇದ್ದರೆ ಫೈರ್ ಸ್ಟೇಷನ್ ಸಾಕು, ಪಾರ್ಕಿಂಗ್ ಗೆರೆ ಮೊದಲೇ ಎಳೆಸಿಬಿಡಿ.