ಬೀಟಲ್ ಕಾರಿನ ಮೆಗ್ನೀಷಿಯಂ ಗೇರ್‌ಬಾಕ್ಸ್‌ಗೆ ಲೇಪನ: ಪೀಣ್ಯದ ಒಂದು ಘಟಕದ ಕೆಲಸ, ಎರಡು ಮಳೆಗಾಲಗಳ ನಂತರ

ಮಂಗಳೂರಿನಲ್ಲಿ ಕಡಲಿಗೆ ಎರಡು ಕಿಲೋಮೀಟರ್ ದೂರದಲ್ಲಿರುವ ನಮ್ಮ ಮನೆಯ ಶೆಡ್ಡಿನಲ್ಲಿ 1967ರ ಫೋಕ್ಸ್‌ವ್ಯಾಗನ್ ಬೀಟಲ್ ಕಾರೊಂದಿದೆ. ಅದರ ಎಂಜಿನ್ನಿನ ಕ್ರ್ಯಾಂಕ್‌ಕೇಸ್ (ಎಂಜಿನ್ನಿನ ಮುಖ್ಯ ಹೊರಕವಚ) ಮತ್ತು ಗೇರ್‌ಬಾಕ್ಸ್‌ನ ಹೊರಕವಚ ಎರಡೂ ಮೆಗ್ನೀಷಿಯಂ ಮಿಶ್ರಲೋಹದಲ್ಲಿ ಎರಕ ಹೊಯ್ದವು. ಘನ ಸೆಂಟಿಮೀಟರಿಗೆ ಅಲ್ಯೂಮಿನಿಯಂ 2.7 ಗ್ರಾಂ ತೂಗಿದರೆ ಮೆಗ್ನೀಷಿಯಂ 1.74 ಗ್ರಾಂ ಮಾತ್ರ ತೂಗುತ್ತದೆ. ಈ ಹಗುರತನಕ್ಕೆ ನಾವು ತೆರುವ ಬೆಲೆಯೆಂದರೆ ಉಪ್ಪುಗಾಳಿಯ ಮುಂದೆ ಅದರ ದೌರ್ಬಲ್ಯ. ಕಾರಿನಲ್ಲಿ ಬಳಸುವ ರಚನಾ ಲೋಹಗಳಲ್ಲಿ ಇಷ್ಟು ಬೇಗ ಎಲೆಕ್ಟ್ರಾನು ಬಿಟ್ಟುಕೊಡುವ ಲೋಹ ಇನ್ನೊಂದಿಲ್ಲ. ಈ ಒಲವನ್ನು ತೋರಿಸುವ ಪ್ರಮಾಣಿತ ವಿಭವ (ಮೈನಸ್ ಹೆಚ್ಚಿದಷ್ಟೂ ಒಲವು ಹೆಚ್ಚು) ಕಬ್ಬಿಣದ್ದು ಮೈನಸ್ 0.44 ವೋಲ್ಟ್ ಆದರೆ ಮೆಗ್ನೀಷಿಯಂನದು ಮೈನಸ್ 2.37. ಹೀಗಾಗಿ ಉಕ್ಕಿನ ಬೋಲ್ಟು ತಗುಲಿರುವ ಜಾಗದಲ್ಲಿ ಉಪ್ಪಿನ ತೇವ ನಿಂತರೆ ಬೋಲ್ಟು ಉಳಿಯುತ್ತದೆ, ಅದರ ಸುತ್ತಲಿನ ಕವಚ ಕರಗುತ್ತದೆ.

ಪೀಣ್ಯಕ್ಕೆ ಹೋಗುವ ಮೊದಲು ನಾನು ಬೇರೊಂದು ಕಡೆ ಗೇರ್‌ಬಾಕ್ಸ್‌ನ ಕವಚಕ್ಕೆ ಬಣ್ಣ ಹೊಡೆಸಿದ್ದೆ. ಅಲ್ಲಿ ಅದನ್ನು ಉಕ್ಕಿನ ಗುಂಡುಗಳಿಂದ ಬ್ಲಾಸ್ಟ್ ಮಾಡಿ (ಪುಟ್ಟ ಗುಂಡುಗಳನ್ನು ರಭಸದಿಂದ ಎರಚಿ ಮೇಲ್ಮೈ ಸ್ವಚ್ಛಗೊಳಿಸಿ), ಹೊಳೆಯುವಂತೆ ಪೇಂಟ್ ಮಾಡಿ ಕೊಟ್ಟರು. ನೋಡಲು ಬಹಳ ಚೆನ್ನಾಗಿತ್ತು. ಜೂನಿನಲ್ಲಿ ಮಳೆ ಹಿಡಿಯಿತು. ಆಗಸ್ಟ್ ಮುಗಿಯುವಷ್ಟರಲ್ಲಿ ಬಣ್ಣದ ಮೇಲೆ ಕಡಲೆಕಾಳಿನಷ್ಟು ದಪ್ಪದ ಗುಳ್ಳೆಗಳೆದ್ದು, ಉಗುರಿನಿಂದ ಒತ್ತಿದರೆ ಸುಣ್ಣದಂಥ ಬಿಳಿ ಹುಡಿ ಉದುರತೊಡಗಿತು.

ಸ್ನೇಹಿತರೊಬ್ಬರ ಸಲಹೆಯಂತೆ ಕವಚವನ್ನು ಬೆಂಗಳೂರಿಗೆ ಒಯ್ದಾಗ, ಪೀಣ್ಯದ ಆ ಸಣ್ಣ ಘಟಕದ ಮೇಲ್ವಿಚಾರಕರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಭೂತಗನ್ನಡಿಯಿಂದ ಒಂದೊಂದು ಕುಳಿಯನ್ನೂ ನೋಡಿ, "ಇದಕ್ಕೆ ಮೊದಲು ಯಾವುದರಲ್ಲಿ ಬ್ಲಾಸ್ಟ್ ಮಾಡಿಸಿದ್ರಿ ಸಾರ್?" ಎಂದು ಕೇಳಿದರು. ಉಕ್ಕಿನ ಗುಂಡಿನ ಕಣಗಳು ಮೆತ್ತನೆಯ ಮೆಗ್ನೀಷಿಯಂನಲ್ಲಿ ಹೂತುಕೊಂಡು, ಬಣ್ಣದ ಅಡಿಯಲ್ಲೇ ಸಾವಿರಾರು ಪುಟ್ಟ ಬ್ಯಾಟರಿಗಳಂತೆ ಕೆಲಸ ಮಾಡುತ್ತವೆ ಎಂಬುದು ನನಗೆ ಆಗಲೇ ತಿಳಿದದ್ದು. ಉಕ್ಕಿನ ತಂತಿಯ ಬ್ರಷ್ಷಿಗೂ ಇದೇ ಮಾತು ಅನ್ವಯಿಸುತ್ತದೆ.

ಅವರು ಹಳೆಯ ಬಣ್ಣವನ್ನು ಗಾಜಿನ ಮಣಿಗಳಿಂದ ತೆಗೆದು, ಹೂತ ಕಬ್ಬಿಣ ಹೋಗುವಂತೆ ಆಮ್ಲದಲ್ಲಿ ಅದ್ದಿ, ಕ್ಷಾರದಲ್ಲಿ ತೊಳೆದು, ಆಮೇಲೆ ರಾಸಾಯನಿಕ ಪರಿವರ್ತನ ಲೇಪನ (ಲೋಹದ ಮೇಲ್ಮೈಯನ್ನೇ ರಾಸಾಯನಿಕವಾಗಿ ಬದಲಿಸಿ ಮಾಡುವ ತೆಳು ರಕ್ಷಾಪದರ) ಕೊಟ್ಟರು. ಹಿಂದೆ ಈ ಹಂತಕ್ಕೆ ಹೆಕ್ಸಾವೇಲೆಂಟ್ ಕ್ರೋಮಿಯಂ ಬಳಸುವುದೇ ರೂಢಿಯಾಗಿತ್ತು. ಅದು ಕ್ಯಾನ್ಸರ್‌ಕಾರಕವಾದ್ದರಿಂದ ಇವರು ಅದನ್ನು ಕೈಬಿಟ್ಟಿದ್ದಾರೆ. ಎರಕದೊಳಗಿನ ಸೂಕ್ಷ್ಮ ರಂಧ್ರಗಳಲ್ಲಿ ಅಡಗಿದ ತೇವ ಹೋಗಲೆಂದು ಕವಚವನ್ನು ಒಲೆಯಲ್ಲಿಟ್ಟು ಒಣಗಿಸಿ, ಆ ನಂತರವೇ ಎರಡು ಪದರ ಎಪಾಕ್ಸಿ ಪ್ರೈಮರ್ ಮತ್ತು ಮೇಲೊಂದು ಪಾಲಿಯುರೆಥೇನ್ ಪದರ ಹಾಕಿದರು. ಮೆಗ್ನೀಷಿಯಂ ಉಜ್ಜುವ ಮೂಲೆಯನ್ನು ಪ್ರತ್ಯೇಕವಾಗಿಟ್ಟು, ಅಲ್ಲಿ ಒಣ ಮರಳಿನ ಬಕೆಟ್ಟುಗಳನ್ನು ಇಟ್ಟಿದ್ದರು. ಆ ಹುಡಿಗೆ ಬೆಂಕಿ ಹತ್ತಿದರೆ ನೀರು ಹಾಕುವಂತಿಲ್ಲ ಎಂಬುದನ್ನು ಅಲ್ಲಿನ ಕಿರಿಯ ಹುಡುಗನೂ ಬಲ್ಲ.

ನನಗೆ ಅತ್ಯಂತ ಮೆಚ್ಚುಗೆಯಾದದ್ದು ಬೋಲ್ಟುಗಳ ವಿಚಾರದಲ್ಲಿ ಅವರು ತೋರಿದ ಕಾಳಜಿ. ಪ್ರತಿ ಉಕ್ಕಿನ ಬೋಲ್ಟಿನ ತಲೆಯ ಕೆಳಗೆ ಹಾಕಲು ಅಗಲವಾದ ಅಲ್ಯೂಮಿನಿಯಂ ವಾಷರುಗಳನ್ನು ಕೊಟ್ಟು, ಬಿಗಿದ ಮೇಲೆ ಬೋಲ್ಟಿನ ತಲೆಗೂ ಬಣ್ಣ ಹಚ್ಚಲೇಬೇಕು ಎಂದು ಒತ್ತಿ ಹೇಳಿದರು. ಮೆಗ್ನೀಷಿಯಂಗೆ ಮಾತ್ರ ಬಣ್ಣ ಹೊಡೆದು ಉಕ್ಕನ್ನು ಬರಿದೇ ಬಿಟ್ಟರೆ, ಬಣ್ಣದಲ್ಲಿ ಬಿದ್ದ ಒಂದು ಸಣ್ಣ ಗೀರಿನ ಮೇಲೆಯೇ ಇಡೀ ದಾಳಿ ಕೇಂದ್ರೀಕರಿಸಿ, ಅಲ್ಲಿ ಆಳವಾದ ಕುಳಿ ಬೀಳುತ್ತದೆ. ಬಿಎಂಡಬ್ಲ್ಯೂ ಕಂಪನಿ ತನ್ನ ಎನ್52 ಎಂಜಿನ್ನಿನ ಮೆಗ್ನೀಷಿಯಂ ಕವಚಕ್ಕೆ ಅಲ್ಯೂಮಿನಿಯಂ ಬೋಲ್ಟುಗಳನ್ನೇ ಬಳಸಿದ್ದರ ಹಿಂದೆಯೂ ಉಕ್ಕು-ಮೆಗ್ನೀಷಿಯಂ ಸಂಪರ್ಕದ ಈ ಭಯವೇ ಇದೆ.

ಕೊರತೆಗಳೂ ಇವೆ. ಅರ್ಥ್ ಪಟ್ಟಿ (ವಿದ್ಯುತ್ತು ಬ್ಯಾಟರಿಗೆ ಮರಳುವ ದಾರಿಯ ಲೋಹದ ಪಟ್ಟಿ) ಕೂರುವ ಜಾಗವನ್ನು ಅವರಾಗಿಯೇ ಕೇಳಿ, ಬಣ್ಣ ತಾಗದಂತೆ ಮುಚ್ಚಿ ಮಾಸ್ಕಿಂಗ್ ಮಾಡಿದ್ದರೂ, ಸ್ಟಾರ್ಟರ್ ಮೋಟಾರು ಕೂರುವ ಮುಖದ ಮೇಲೆ ಪ್ರೈಮರ್ ಬಿದ್ದಿತ್ತು. ಮೋಟಾರಿನ ಅರ್ಥ್ ಕವಚದ ಮೂಲಕವೇ ಸಾಗುವುದರಿಂದ ಕೀಲಿ ತಿರುಗಿಸಿದಾಗ ಅದು ನರಳುತ್ತಾ ತಿರುಗುತ್ತಿತ್ತು. ನಾನೇ ನೈಲಾನ್ ಉಜ್ಜುಪಟ್ಟಿಯಿಂದ ಆ ಮುಖವನ್ನು ಕೆರೆದು, ಬಿಗಿದ ನಂತರ ಅಂಚಿಗೆ ಸೀಲಂಟ್ ಬಳಿಯಬೇಕಾಯಿತು. ಹತ್ತು ದಿನವೆಂದ ಕೆಲಸ 22 ದಿನ ಹಿಡಿಯಿತು. ಲೇಪನದ ದಪ್ಪವನ್ನು ಅಳೆದು ಬಿಲ್ಲಿನಲ್ಲಿ ಬರೆದುಕೊಡುವ ಪದ್ಧತಿಯೂ ಇಲ್ಲ. 18,500 ರೂಪಾಯಿ ತೆಗೆದುಕೊಳ್ಳುವವರು ಇಷ್ಟನ್ನು ಮಾಡಲೇಬೇಕು. ಗೋಣಿಚೀಲದಲ್ಲಷ್ಟೇ ಸುತ್ತಿ ಲಾರಿಗೆ ಹಾಕಿದ್ದರಿಂದ ಒಂದು ಅಂಚಿನಲ್ಲಿ ಬಣ್ಣ ಚಕ್ಕೆಯೆದ್ದು ಬಂತು.

ಇಷ್ಟಾದರೂ ನನ್ನಂತೆ ಕರಾವಳಿಯಲ್ಲಿ ಹಳೆಯ ಕಾರು ಇಟ್ಟುಕೊಂಡವರಿಗೆ, ಅರ್ಥ್ ಬೇಕಾದ ಮುಖಗಳನ್ನೆಲ್ಲ ಮೊದಲೇ ಗುರುತು ಹಾಕಿ ಕೊಡಿ, ಸಾಗಿಸುವ ಪೆಟ್ಟಿಗೆಯನ್ನು ನೀವೇ ಒಯ್ಯಿರಿ ಎಂಬ ಮಾತಿನೊಂದಿಗೆ, ಇಂಥ ಘಟಕವನ್ನೇ ಹುಡುಕಿ ಹೋಗಿ ಎಂದು ಹೇಳುತ್ತೇನೆ. ಎರಡನೇ ಮಳೆಗಾಲ ಮುಗಿದ ಮೇಲೆ ಕಾರನ್ನು ಎತ್ತಿ, ಟಾರ್ಚು ಹಿಡಿದು ಪ್ರತಿ ಬೋಲ್ಟಿನ ಸುತ್ತ ನೋಡಿದೆ. ವಾಷರುಗಳ ಅಂಚಿನಲ್ಲಿ ಕೆಸರು ಬಿಟ್ಟರೆ ಏನೂ ಇರಲಿಲ್ಲ. ಬಿಳಿ ಹುಡಿ ಕಂಡದ್ದು ಲಾರಿಯಲ್ಲಿ ಚಕ್ಕೆಯೆದ್ದ ಆ ಅಂಚಿನಲ್ಲಿ ಮಾತ್ರ. ಅದನ್ನು ಕೆರೆದು ಒಣಗಿಸಿ, ಅವರೇ ಕೊಟ್ಟಿದ್ದ ಪುಟ್ಟ ಡಬ್ಬಿಯ ಪ್ರೈಮರ್ ಹಚ್ಚಿದ್ದೇನೆ.