ಸಸ್ಯ ಗುರುತಿಸುವ ಆ್ಯಪ್: ಎಲೆಯಲ್ಲಿ ಎಡವಿದ್ದು, ಹಣ್ಣಿನಲ್ಲಿ ಸರಿಹೋಯಿತು

ಹೆಚ್ಚು ನೀರು ಬೇಡದ ಗಿಡಗಳನ್ನೇ ಬೆಳೆಸಿರುವ ನನ್ನ ತೋಟದ ಬೇಲಿಯಂಚಿನಲ್ಲಿ ತಾನಾಗಿಯೇ ಹುಟ್ಟಿ ಬೆಳೆದ ಮರವೊಂದು ಈ ವರ್ಷ ಮೊದಲ ಸಲ ಕಾಯಿ ಕಚ್ಚಿತು. ಅದರ ಹೆಸರು ತಿಳಿಯಲೆಂದು, ಫೋಟೊ ನೋಡಿ ಸಸ್ಯವನ್ನು ಗುರುತಿಸಿಕೊಡುವ ಮೊಬೈಲ್ ಆ್ಯಪ್ ಒಂದನ್ನು ಕೆಲವು ವಾರ ಬಳಸಿ ನೋಡಿದೆ.

ಬರೀ ಎಲೆಯ ಚಿತ್ರ ಕೊಟ್ಟಾಗ ಅದು ಮೊದಲು ನೇರಳೆ ಎಂದಿತು, ನಂತರ ಕವಳೆ ಎಂದಿತು. ಆ ಎರಡರಲ್ಲೂ ನನ್ನ ಮರದಂತೆಯೇ ಎಲೆಗಳು ಎದುರುಬದುರಾಗಿರುತ್ತವೆ, ಹಣ್ಣು ಮಾಗಿದಾಗ ಕಪ್ಪಾಗುತ್ತದೆ. ಹಾಗಾಗಿ ತಪ್ಪು ಅಸಹಜವೇನಲ್ಲ. ಆದರೆ ಕವಳೆಗೆ ಮುಳ್ಳಿದೆ, ಎಲೆ ಕಿತ್ತರೆ ಬಿಳಿ ಹಾಲು ಒಸರುತ್ತದೆ. ನೇರಳೆಯ ಎಲೆ ದಪ್ಪನೆಯದು, ಬೆಳಕಿಗೆ ಹಿಡಿದರೆ ಅಂಚಿನುದ್ದಕ್ಕೂ ಸಾಗುವ ನರವೊಂದು ಕಾಣುತ್ತದೆ. ನನ್ನ ಮರದಲ್ಲಿ ಇವು ಯಾವುವೂ ಇರಲಿಲ್ಲ. ಮುಳ್ಳಿದೆಯೇ, ಹಾಲು ಬರುತ್ತದೆಯೇ ಎಂದು ಆ್ಯಪ್ ಒಮ್ಮೆಯೂ ಕೇಳಲಿಲ್ಲ ಎಂಬುದೇ ನನ್ನ ಮುಖ್ಯ ಆಕ್ಷೇಪ.

ಮರುದಿನ ಹೂವು ಮತ್ತು ಹಣ್ಣನ್ನು ಹತ್ತಿರದಿಂದ ತೆಗೆದು ಕಳುಹಿಸಿದೆ. ಒಂದೇ ಗೊಂಚಲಿನಲ್ಲಿ ಆಗಷ್ಟೇ ಅರಳಿದ ಒಣಹುಲ್ಲಿನ ಬಣ್ಣದ ಪುಟ್ಟ ಹೂಗಳೂ, ಹಳತಾಗಿ ಕಡುಗೆಂಪಿಗೆ ತಿರುಗಿದವೂ ಇದ್ದವು. ಪಕ್ಕದ ರೆಂಬೆಯಲ್ಲಿ ಸುಮಾರು 1 ಸೆಂಟಿಮೀಟರ್ ಗಾತ್ರದ ಕಪ್ಪುಹಣ್ಣು, ಅದರ ನೆತ್ತಿಯ ಮೇಲೆ ಉಂಗುರ ಒತ್ತಿದಂಥ ಗುರುತು. ಈ ಬಾರಿ ತಡಮಾಡದೆ ಬಂದ ಉತ್ತರ: ಶ್ರೀಗಂಧ, ಸ್ಯಾಂಟಲಮ್ ಆಲ್ಬಮ್. ಹಣ್ಣನ್ನು ಹಿಸುಕಿದೆ, ತೆಳುವಾದ ತಿರುಳಿನೊಳಗೆ ಒಂದೇ ಒಂದು ಗಟ್ಟಿ ಬೀಜ. ಉತ್ತರ ಸರಿಯಾಗಿತ್ತು. ಪರಿಮಳವಿಲ್ಲವೆಂದು ನಾನೇ ಆ ಹೆಸರನ್ನು ಮೊದಲೇ ಕೈಬಿಟ್ಟಿದ್ದೆ. ಗಂಧವಿರುವುದು ಬಲಿತ ಮರದ ಚೇಗಿನಲ್ಲಿ ಮತ್ತು ಬೇರಿನಲ್ಲಿ, ಎಲೆ ಹೂಗಳಲ್ಲಲ್ಲ ಎಂಬುದನ್ನು ಮರೆತಿದ್ದೆ. ಬೀಜ ಇಲ್ಲಿಗೆ ಬಂದದ್ದು ಹಣ್ಣು ತಿಂದ ಯಾವುದೋ ಹಕ್ಕಿಯಿಂದಲೇ ಇರಬೇಕು.

ಗುರುತಿಸುವ ಕೆಲಸಕ್ಕೆ ಈ ಆ್ಯಪನ್ನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ, ಹೂವು ಹಣ್ಣು ಬರುವವರೆಗೆ ಕಾಯುವ ತಾಳ್ಮೆ ಇರಬೇಕು ಅಷ್ಟೆ. ಅದರ ಆರೈಕೆಯ ಸಲಹೆಯನ್ನು ಮಾತ್ರ ದಯವಿಟ್ಟು ಪಾಲಿಸಬೇಡಿ. ಬುಡದ ಸುತ್ತಲಿನ ಗಿಡಗಳನ್ನೆಲ್ಲ ಕಿತ್ತು ಸ್ವಚ್ಛವಾಗಿಡಿ ಎಂದು ಅದು ಹೇಳುತ್ತದೆ. ಶ್ರೀಗಂಧ ಅರೆಪರಾವಲಂಬಿ: ಎಲೆಯಿಂದ ಆಹಾರ ತಯಾರಿಸಿಕೊಂಡರೂ, ನೆರೆಯ ಗಿಡಗಳ ಬೇರಿಗೆ ತನ್ನ ಬೇರನ್ನು ಕಚ್ಚಿಸಿ ನೀರು ಮತ್ತು ಲವಣಗಳನ್ನು ಹೀರಿಕೊಳ್ಳುತ್ತದೆ. ಕತ್ತರಿಸಬೇಕೆಂದಿದ್ದ ಬೇಲಿಸಾಲನ್ನು ನಾನು ಹಾಗೆಯೇ ಉಳಿಸಿಕೊಂಡಿದ್ದೇನೆ.